ನಗುವ ಫಲಾನುಭವಿ ಬೇಕಾಗಿದ್ದಾರೆ

ಗಾಳಿ ಕುಡಿದು ಬದುಕಿದ ಋಷಿಗಳುಂಟು, ಒಂಟಿಕಾಲಲ್ಲಿ ನಿಂತು ಲೋಕ ನಡುಗಿಸಿದವರುಂಟು. ಜರಗನಹಳ್ಳಿಯ ಕಡೆಗೆ ಅಂಥವರು ಯಾರೂ ಬರದೆ ಹೋದದ್ದರಿಂದ, ಊರಿನ ತಪಸ್ಸಿನ ಭಾರವೆಲ್ಲ ನಿವೃತ್ತ ಬಸ್ ಡ್ರೈವರ್ ಪಿಳ್ಳಪ್ಪನವರ ನಾಲಿಗೆಯ ಮೇಲೆ ಬಿತ್ತು. ಅವರು ತ್ಯಜಿಸಿದ್ದು ಒಂದೇ ಮಾತು: ‘ಹೋಗ್ಬರ್ತೀನಿ’. ಮದುವೆಯಾಗಲಿ, ನಾಮಕರಣವಾಗಲಿ, ಎಲೆ ಮಡಿಸಿ ಕೈ ತೊಳೆದರೆ ಮುಗಿಯಿತು; ಮರುಕ್ಷಣ ಕುರ್ಚಿ ಖಾಲಿ. ತಾಂಬೂಲದ ಚೀಲ ಹಿಡಿದು ಅವರ ಹಿಂದೆ ಬೀದಿ ತುದಿಯವರೆಗೆ ಓಡಿದ ಗೃಹಿಣಿಯರಿದ್ದಾರೆ. ‘ಇಷ್ಟೊಂದು ಕೊಬ್ಬಾ!’ ಎಂದು ಮಾತು ಬಿಟ್ಟ ನೆಂಟರಿದ್ದಾರೆ. ಪಿಳ್ಳಪ್ಪನವರು ಬರುವುದನ್ನು ಎಲ್ಲರೂ ಕಂಡಿದ್ದರು. ಹೋಗುವುದನ್ನು ಕಂಡವರು ಕನಕಪುರ ರಸ್ತೆಯ ಎರಡು ಬದಿಯಲ್ಲೂ ಇರಲಿಲ್ಲ.

ಕಾರಣವಿತ್ತು. ಸಾವಿನ ಮನೆಯಿಂದ ಹೊರಡುವಾಗ ‘ಹೋಗ್ಬರ್ತೀನಿ’ ಅನ್ನಬಾರದು. ಅಂದುಬಿಟ್ಟರೆ ಅಂಥದೇ ಕೆಲಸಕ್ಕೆ ಆ ಮನೆಗೆ ಮತ್ತೆ ಬರಬೇಕಾಗುತ್ತದೆ. ಸುಮ್ಮನೆ ಎದ್ದು ನಡೆಯಬೇಕು. ಊರಲ್ಲಿ ಯಾರು ತೀರಿಕೊಂಡರೂ ಮೊದಲ ಫೋನು ಪಿಳ್ಳಪ್ಪನವರಿಗೆ. ಬಿದಿರು, ಮಡಕೆ, ಹಾರ, ವ್ಯಾನು, ಗುಂಡಿ ತೋಡುವವರು, ಎಲ್ಲಕ್ಕೂ ಅವರೇ. ಅಷ್ಟು ಸಾವಿನ ಮನೆ ಹೊಕ್ಕು ಬರುವ ನಾಲಿಗೆಗೆ ಬೇರೆ ಕಡೆ ಸಲುಗೆ ಕೊಟ್ಟರೆ ಒಂದು ದಿನ ಅದು ಕೈಕೊಡುತ್ತದೆ ಎಂದು ಅವರ ಭಯ. ಹಾಗಾಗಿ ಮಾತನ್ನೇ ಬೇರುಸಹಿತ ಕಿತ್ತುಹಾಕಿದ್ದರು. ಹಾಲು ತರಲು ಹೊರಟಾಗಲೂ ಹೆಂಡತಿಗೆ ಹೇಳುತ್ತಿರಲಿಲ್ಲ.

“ನಾನೇನು ಸತ್ತೋಗಿದ್ದೀನಾ? ನಂಗಾದ್ರೂ ಹೇಳ್ಬಿಟ್ಟು ಹೋಗ್ಬಾರ್ದಾ?” ಎಂದು ಈಶ್ವರಮ್ಮ ಬೈಯುತ್ತಿದ್ದರು.

ಒಂದು ಏಪ್ರಿಲ್ ಬೆಳಿಗ್ಗೆ ಪಿಳ್ಳಪ್ಪನವರು ಹಾಲು ತರುವಷ್ಟರಲ್ಲಿ ಈಶ್ವರಮ್ಮ ಒಲೆಯ ಮುಂದೆ ಬಿದ್ದಿದ್ದರು. ಅವರೂ ಹೇಳದೆಯೇ ಹೋಗಿದ್ದರು.

ಊರಿನ ಸಾವುಗಳನ್ನೆಲ್ಲ ಸಾಂಗವಾಗಿ ನಡೆಸಿದ ಮಹಾಸೇನಾನಿ ತಮ್ಮ ಮನೆಯ ಕದನದಲ್ಲಿ ಸೋತರು. ಈಶ್ವರಮ್ಮನ ತಂಗಿ ಕೆಂಚವ್ವ ಕೊಳ್ಳೇಗಾಲದ ಆಚೆಯ ಹಳ್ಳಿಯಿಂದ ಬರಬೇಕು. ಆಕೆ ಹೊಲದಲ್ಲಿದ್ದಳು, ಸುದ್ದಿ ಮುಟ್ಟಿದ್ದೇ ತಡವಾಗಿ. ಹೆಣ ಇಡುವ ತಣ್ಣನೆಯ ಪೆಟ್ಟಿಗೆ ಹುಡುಕಿ ಪಿಳ್ಳಪ್ಪನವರು ಬನಶಂಕರಿಯಿಂದ ವಿಲ್ಸನ್ ಗಾರ್ಡನ್‌ವರೆಗೆ ಫೋನು ಮಾಡಿದರು. ಆ ವಾರದ ಬಿಸಿಲಿಗೆ ಬಾಡಿಗೆ ಪೆಟ್ಟಿಗೆಗಳೆಲ್ಲ ಬೇರೆ ಬೇರೆ ಮನೆಗಳಲ್ಲಿ ದುಡಿಯುತ್ತಿದ್ದವು. ಜ್ಯೂಸ್ ಅಂಗಡಿಯಿಂದ ಐಸ್ ತರಿಸಿ ಸುತ್ತ ಇಟ್ಟರು. ಐಸ್ ಕರಗಿ ಮೆಟ್ಟಿಲಿಳಿದು ಕೆಳಗಿನ ಬಾಡಿಗೆದಾರರ ಬಾಗಿಲಿಗೆ ಹರಿಯಿತು. ಮಧ್ಯಾಹ್ನ ದಾಟಿದ ಮೇಲೆ ಹಿರಿಯರು, “ಇನ್ನು ಇಡೋದು ಬೇಡ ಪಿಳ್ಳಪ್ಪ, ಅವಳಿಗೇ ಅವಮಾನ” ಎಂದರು.

ಕೆಂಚವ್ವ ಬಂದಾಗ ಸಂಜೆಯಾಗಿತ್ತು. ಸ್ಮಶಾನದಲ್ಲಿ ಹಸಿ ಮಣ್ಣಿನ ದಿಬ್ಬ. ಆಕೆ ಅಳಲಿಲ್ಲ. ದಿಬ್ಬದ ಸುತ್ತ ಒಂದು ಸಲ ನಡೆದಳು. ಆಮೇಲೆ ಕೇಳಿದಳು: “ಭಾವ, ತಲೆ ಯಾವ ಕಡೆ?”

ನೂರು ಗುಂಡಿಗಳಿಗೆ ದಿಕ್ಕು ತೋರಿಸಿದ್ದ ಪಿಳ್ಳಪ್ಪನವರು ದಿಬ್ಬದ ಆ ತುದಿ ಒಮ್ಮೆ, ಈ ತುದಿ ಒಮ್ಮೆ ನೋಡಿದರು. ಪಕ್ಕದಲ್ಲಿದ್ದ ಬಾಲ್ಯದ ಗೆಳೆಯ ರಾಮಯ್ಯ ಬೆರಳು ತೋರಿಸಿದ. ಕೆಂಚವ್ವ ಆ ತುದಿಯಲ್ಲಿ ಕೂತು, ಕೆನ್ನೆ ಸವರಿದಂತೆ ಮಣ್ಣು ಸವರಿದಳು.

ಆ ಪ್ರಶ್ನೆಯನ್ನು ಇನ್ಯಾರೂ ಕೇಳಬಾರದು. ಊರಿಗೊಂದು ಪೆಟ್ಟಿಗೆ ಬೇಕು, ಬಾಡಿಗೆಯಿಲ್ಲದೆ, ಯಾರು ಕರೆದರೂ ಸಿಗುವಂತೆ. ಪಿಳ್ಳಪ್ಪನವರಿಗೆ ಇದೇ ಹಠವಾಯಿತು. ಜಯನಗರದ ಸಹಕಾರಿ ಬ್ಯಾಂಕೊಂದರ ಸೇವಾ ಪ್ರತಿಷ್ಠಾನ ಊರ ಸಂಘಗಳಿಗೆ ಅನುದಾನ ಕೊಡುತ್ತದೆಂದು ರಾಮಯ್ಯ ಪತ್ತೆ ಮಾಡಿದ. ಆತನದು ಚಿಲ್ಲರೆ ಅಂಗಡಿ; ಬೇಳೆಗಿಂತ ಸುದ್ದಿಯ ದಾಸ್ತಾನು ಹೆಚ್ಚು. ಊರಿನ ಸಂಘಕ್ಕೆ ಪಿಳ್ಳಪ್ಪನವರು ಅಧ್ಯಕ್ಷರು, ರಾಮಯ್ಯ ಕಾರ್ಯದರ್ಶಿ. ಬೇರೆ ಸದಸ್ಯರು ಸಭೆಗೆ ಬಂದ ದಾಖಲೆಯಿಲ್ಲ. ಈ ಎರಡು ತಲೆಯ ಸೈನ್ಯ ಬಸ್ ಹತ್ತಿ ಜಯನಗರದ ಮೇಲೆ ದಂಡೆತ್ತಿ ಹೋಯಿತು.

ಪ್ರತಿಷ್ಠಾನದ ಕಚೇರಿಯಲ್ಲಿ ತೇಜಸ್ವಿನಿ ಎಂಬ ಹುಡುಗಿ ಅರ್ಜಿ ನೋಡಿ ಪೆನ್ನು ಕಚ್ಚಿದಳು.

“ಅಂಕಲ್, ಶಿಕ್ಷಣ, ಆರೋಗ್ಯ, ಪರಿಸರ, ಮಹಿಳಾ ಸಬಲೀಕರಣ. ಇದನ್ನ ಯಾವುದಕ್ಕೆ ಹಾಕ್ಲಿ?”

“ಆರೋಗ್ಯಕ್ಕೆ ಹಾಕಮ್ಮ,” ಎಂದರು ಪಿಳ್ಳಪ್ಪನವರು.

“ಆರೋಗ್ಯ ಮುಗಿದ್ಮೇಲೆ ಬರೋದು ಮೇಡಂ ಇದು,” ಎಂದ ರಾಮಯ್ಯ. “ಪಕ್ಕದ ಡಿಪಾರ್ಟ್‌ಮೆಂಟು.”

ತೇಜಸ್ವಿನಿ ನಗು ನುಂಗಿ ಆರೋಗ್ಯಕ್ಕೇ ಹಾಕಿದಳು. ಆದರೂ ಅರ್ಜಿ ವಾಪಸಾಯಿತು. ಫಲಾನುಭವಿಯ ಫೋಟೊ ಇರಲಿಲ್ಲ. ನಗುಮುಖದ ಫೋಟೊ ಆಗಬೇಕು. ಜೊತೆಗೆ ಈ ನೆರವಿನಿಂದ ತಮ್ಮ ಬದುಕಿನಲ್ಲಿ ಏನು ಬದಲಾವಣೆ ಆಗಲಿದೆ ಎಂದು ಫಲಾನುಭವಿಯೇ ಬರೆದು ಸಹಿ ಹಾಕಬೇಕು.

“ಫಲಾನುಭವಿ ಹೇಗಮ್ಮ ನಗ್ತಾನೆ?” ಪಿಳ್ಳಪ್ಪನವರ ದನಿ ಏರಿತು.

“ನಂಗೂ ಗೊತ್ತು ಅಂಕಲ್. ಆದ್ರೆ ಆ ಜಾಗ ಖಾಲಿ ಬಿಟ್ರೆ ಕಂಪ್ಯೂಟರ್ ಅರ್ಜೀನೇ ತಗೊಳ್ಳಲ್ಲ.”

ಬಸ್ ಸ್ಟಾಪಿನಲ್ಲಿ ಪಿಳ್ಳಪ್ಪನವರು ತಲೆ ಮೇಲೆ ಕೈಹೊತ್ತು ಕೂತರು. ರಾಮಯ್ಯ ಕಡಲೆಕಾಯಿ ಬಿಡಿಸುತ್ತಾ, “ಲೋ, ನಾನಾಗ್ತೀನಿ ಬಿಡೋ ಫಲಾನುಭವಿ,” ಎಂದ.

“ಬಿಡ್ತು ಅನ್ನು! ಬಾಯಿಗೆ ಬಂದಂಗೆ ಮಾತಾಡ್ಬೇಡ.”

“ಇವತ್ತಲ್ಲ ನಾಳೆ ಎಲ್ರೂ ಆಗೋದೇ ತಾನೇ? ಒಳಗೆ ಮಲಗಿದ್ಮೇಲೆ ನಗು ಬರ್ತದೋ ಇಲ್ವೋ. ಈಗ್ಲೇ ನಕ್ಕು ಇಟ್ಟಿರ್ತೀನಿ.”

ಅಂದೇ ಸ್ಟುಡಿಯೋಗೆ ಹೋಗಿ, ತಲೆಗೆ ನೀರು ಹಚ್ಚಿ ಬಾಚಿ, ಮುಂದಿನ ಎರಡು ಹಲ್ಲಿಲ್ಲದ ಬಾಯಿ ಅಗಲಿಸಿ ಫೋಟೊ ತೆಗೆಸಿದ. ಸ್ಟುಡಿಯೋದವನು ಯಾತಕ್ಕೆಂದು ಕೇಳಿದ್ದಕ್ಕೆ, “ಹೆಣ್ಣು ನೋಡ್ತಾವ್ರೆ ಕಣಪ್ಪ” ಎಂದ. ಆಮೇಲೆ ಅರ್ಜಿಯನ್ನು ಅಂಗಡಿಯ ತಕ್ಕಡಿಯ ಪಕ್ಕ ಇಟ್ಟುಕೊಂಡು, ಬದಲಾವಣೆಯ ಜಾಗದಲ್ಲಿ ಬಹಳ ಹೊತ್ತು ಯೋಚಿಸಿ ಒಂದು ಸಾಲು ಬರೆದ. ಪಿಳ್ಳಪ್ಪನವರು ತಮಾಷೆ ಇರಬೇಕೆಂದು ಬಗ್ಗಿ ಓದಿದರು.

‘ರಾಯಚೂರಿನಿಂದ ನನ್ನ ಮಗಳು ಬರುವವರೆಗೆ ನಾನು ಕಾಯಬಹುದು.’

ರಾಮಯ್ಯನ ಹೆಂಡತಿ ಎಂದೋ ತೀರಿಕೊಂಡಿದ್ದಳು. ಇದ್ದವಳು ಮಧುಶ್ರೀ ಒಬ್ಬಳೇ, ರಾಯಚೂರಿಗೆ ಮದುವೆಯಾಗಿ ಹೋಗಿದ್ದಳು.

ಅರ್ಜಿ ಈ ಸಲ ಒಳಗೆ ಹೋಯಿತು. ಪೆಟ್ಟಿಗೆ ಸಂಕ್ರಾಂತಿಯ ಹೊತ್ತಿಗೆ ಬಂತು: ಗಾಜಿನ ಮುಚ್ಚಳ, ಗುಂಯ್ ಎನ್ನುವ ಯಂತ್ರ, ಪಕ್ಕೆಯ ಮೇಲೆ ಪ್ರತಿಷ್ಠಾನದ ಹೆಸರು. ಬ್ಯಾಂಕಿನ ಹಿರಿಯರು ಟೇಪು ಕತ್ತರಿಸಿದರು, ತೆಂಗಿನಕಾಯಿ ಒಡೆದರು, ‘ಇದರ ಸದುಪಯೋಗ ಹೆಚ್ಚು ಹೆಚ್ಚು ಆಗಲಿ’ ಎಂದು ಬಾಯಿತಪ್ಪಿ ಹಾರೈಸಿದರು. ವಂದನಾರ್ಪಣೆಯ ಹೊತ್ತಿಗೆ ಅಧ್ಯಕ್ಷರ ಕುರ್ಚಿ ಖಾಲಿಯಾಗಿತ್ತು.

ಪಿಳ್ಳಪ್ಪನವರು ಪೆಟ್ಟಿಗೆಯನ್ನು ತಮ್ಮ ಶೆಡ್ಡಿನಲ್ಲಿಟ್ಟು, ದಿನವೂ ಒರೆಸಿ, ಆಗಾಗ ಸ್ವಿಚ್ ಹಾಕಿ ತಣ್ಣಗಾಗುತ್ತದೆಯೇ ಎಂದು ಕೈಯಿಟ್ಟು ನೋಡುತ್ತಿದ್ದರು. ಅದೇನು ಪುಣ್ಯವೋ, ಆ ಚಳಿಗಾಲದಲ್ಲಿ ಊರಲ್ಲಿ ಯಾರೂ ಹೋಗಲಿಲ್ಲ.

“ಏನೋ, ಇನ್ನೂ ಬೋಣಿ ಆಗ್ಲಿಲ್ವಾ?” ಎಂದು ರಾಮಯ್ಯ ಅಂಗಡಿಯಿಂದಲೇ ಕೂಗುತ್ತಿದ್ದ.

ಬೋಣಿ ಏಪ್ರಿಲ್‌ನಲ್ಲಾಯಿತು. ಮಧ್ಯಾಹ್ನ ಊಟ ಮಾಡಿ ಅಂಗಡಿಯಲ್ಲೇ ಅಕ್ಕಿ ಮೂಟೆಗೆ ಒರಗಿದ ರಾಮಯ್ಯ ಏಳಲಿಲ್ಲ. ಬೆಲ್ಲ ಕೇಳಲು ಬಂದವರು ನಿದ್ದೆಯೆಂದು ಎರಡು ಸಲ ವಾಪಸು ಹೋಗಿದ್ದರು.

ಪಿಳ್ಳಪ್ಪನವರೇ ರಾಮಯ್ಯನ ಮನೆಗೆ ಪೆಟ್ಟಿಗೆ ತಂದರು. ಗೆಳೆಯನನ್ನು ಎತ್ತಿ ಮಲಗಿಸಿದರು, ತಲೆ ಯಾವ ಕಡೆ ಎಂದು ಎಲ್ಲರೆದುರು ಗಟ್ಟಿಯಾಗಿ ಹೇಳಿ. ಪ್ಲಗ್ಗಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಯಾರಾದರೂ ವೈರು ಎಡವಿಯಾರೆಂದು ಕಾವಲು ಕೂತರು. ತಲೆದೆಸೆಯಲ್ಲಿ ಹಾರ ಹಾಕಿ ಇಡಲು ಮನೆಯಲ್ಲಿ ಒಳ್ಳೆಯ ಫೋಟೊ ಸಿಗಲಿಲ್ಲ. ಸ್ಟುಡಿಯೋದಿಂದ ಅರ್ಜಿಯ ಫೋಟೊವನ್ನೇ ದೊಡ್ಡದು ಮಾಡಿಸಿದರು. ಒಳಗೆ ಫಲಾನುಭವಿ ಮಲಗಿದ್ದ, ಹೊರಗೆ ನಗುತ್ತಿದ್ದ.

ಮಧುಶ್ರೀ ಬೆಳಗಿನ ಬಸ್ಸಿಗೆ ಬಂದಳು. ಬಾಗಿಲಲ್ಲೇ ನಿಂತಳು, ಒಳಗೆ ಕಾಲಿಡಲು ಹೆದರಿದವಳಂತೆ. “ಬಾರಮ್ಮ, ಹಂಗೇ ಅವ್ನೆ ನಿಮ್ಮಪ್ಪ,” ಎಂದರು ಪಿಳ್ಳಪ್ಪನವರು. ಆಕೆ ಬಗ್ಗಿ ಗಾಜಿಗೆ ಕೆನ್ನೆಯಿಟ್ಟಳು. ಅಳುವಿನ ಉಸಿರಿಗೆ ಗಾಜು ಮಂಜಾಯಿತು, ಸೆರಗಿನಿಂದ ಒರೆಸಿದಳು. ಮತ್ತೆ ಮಂಜಾಯಿತು, ಮತ್ತೆ ಒರೆಸಿದಳು. ಯಾರೂ ಅವಸರ ಮಾಡಲಿಲ್ಲ. ಮೆಟ್ಟಿಲಿನ ಮೇಲೆ ಒಂದು ಹನಿ ನೀರಿರಲಿಲ್ಲ.

ಮಣ್ಣು ಮಾಡಿ ಬಂದು, ಕಾಲು ತೊಳೆದು, ಎಲ್ಲರೂ ದೀಪ ನೋಡಿದರು. ಒಬ್ಬೊಬ್ಬರಾಗಿ ಸುಮ್ಮನೆ ಎದ್ದು ಹೋಗತೊಡಗಿದರು. ಪಿಳ್ಳಪ್ಪನವರೂ ಎದ್ದರು. ಹೊಸಿಲ ಹತ್ತಿರ ನಿಂತು ಹಿಂತಿರುಗಿ, ದೀಪದ ಕಡೆ ನೋಡಿದರು, ಹಲ್ಲಿಲ್ಲದ ಆ ನಗುವಿನ ಕಡೆ ನೋಡಿದರು. ಆಮೇಲೆ, ಮನೆಯೆಲ್ಲ ಕೇಳುವಂತೆ ಹೇಳಿದರು:

“ಹೋಗ್ಬರ್ತೀನಿ.”

ಮೂಲೆಯಲ್ಲಿ ಕೂತಿದ್ದ ಅಕ್ಕಯಮ್ಮಜ್ಜಿ ಬಾಯಿಗೆ ಸೆರಗು ಒತ್ತಿ, “ಅಯ್ಯೋ, ಎಂಥಾ ಮಾತು ಆಡ್ಬಿಟ್ಟ!” ಎಂದಳು. ಮತ್ತೊಬ್ಬಳು ಬಿಕ್ಕಿದಳು: “ಜೀವದ ಗೆಳೆಯ ಅಲ್ವಾ, ಹೋದ ಅಂತ ಒಪ್ಕೊಳ್ಳೋಕೆ ಆಗ್ತಿಲ್ಲ ಪಾಪ.” ಹೆಂಡತಿಗೂ ಆಡದ ಮಾತು ಗೆಳೆಯನಿಗೆ ದಕ್ಕಿತೆಂದು ಅಂಗಳದ ಗಂಡಸರು ಕಣ್ಣೊರೆಸಿಕೊಂಡರು.

ಮಧುಶ್ರೀ ಊದಿದ ಕಣ್ಣೆತ್ತಿ ಕೇಳಿದಳು. “ಮಾಮ, ಅಪ್ಪನಿಗೆ ಹೇಳಿದ್ರಾ?”

ಪಿಳ್ಳಪ್ಪನವರು ಚಪ್ಪಲಿಗೆ ಕಾಲು ತುರುಕುತ್ತಿದ್ದರು.

“ಇಲ್ಲ ಕಣಮ್ಮ. ಗಾಡಿ ಕರ್ಕೊಂಡು ಬರ್ಬೇಕು. ಪೆಟ್ಟಿಗೆ ಇಲ್ಲೇ ಐತಲ್ಲ.”