ಬಾಡಿಗೆದಾರನಾದ ಊರು

ಇಲ್ಲಿ ಬಂಗಾಳದಲ್ಲಿ, ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಹತ್ತಿರ ಅಪ್ಪ ಇಟ್ಟ ಇಡ್ಲಿ ಹೋಟೆಲನ್ನು ಅವರು ತೀರಿಕೊಂಡ ಮೇಲೆ ನಾನೇ ನಡೆಸುತ್ತಿದ್ದೇನೆ. ಕಟ್ಟಡದ ಮಾಲೀಕ ನಮ್ಮನ್ನು ಎಬ್ಬಿಸಲು ಕೇಸು ಹಾಕಿದಾಗ ಕೈ ಹಿಡಿದವರು ದಿನಾ ನಮ್ಮಲ್ಲೇ ತಿಂಡಿ ತಿನ್ನುತ್ತಿದ್ದ ಒಬ್ಬ ಬಂಗಾಳಿ ವಕೀಲರು. ಪಾಡಾದವರಿಗೆಲ್ಲ, ಎಂದರೆ ಕೇರಿಯವರಿಗೆಲ್ಲ, ಅವರು ಉಕಿಲ್‌ಬಾಬು. ಮೊದಮೊದಲು ಕಕ್ಷಿದಾರರೇ ಇಲ್ಲದೆ ಮೂಲೆ ಮೇಜಿನಲ್ಲಿ ಪೇಪರ್ ಓದುತ್ತ ಕೂರುತ್ತಿದ್ದರು. ಆಮೇಲೆ ಬಾಡಿಗೆದಾರರ ಕೇಸುಗಳಲ್ಲಿ ಹೆಸರು ಮಾಡಿದರು.

ನಮ್ಮ ಕೇಸಿನ ತೊಡಕೆಂದರೆ ಅಪ್ಪನ ಇನಿಶಿಯಲ್. ಹೆಸರಿನ ಮುಂದೆ ಊರಿನದೊಂದು ಅಕ್ಷರ ಹಾಕಿಕೊಳ್ಳುವುದು ನಮ್ಮಲ್ಲಿ ರೂಢಿ. ಬಾಡಿಗೆ ಕರಾರು ಬರೆಯುವಾಗ ಇಲ್ಲಿನ ಗುಮಾಸ್ತ ಪೂರ್ತಿ ಹೆಸರು ಬೇಕು ಎಂದನಂತೆ, ಅಪ್ಪ ಆ ಅಕ್ಷರವನ್ನು ಬಿಡಿಸಿ ಹೇಳಿದರಂತೆ. ಕಾಗದದಲ್ಲಿ ಊರೇ ಅಪ್ಪನ ಹೆಸರಾಯಿತು, ಅಪ್ಪನ ಹೆಸರು ಮನೆತನದ ಹೆಸರಾಯಿತು. ಈ ಬಾಡಿಗೆದಾರ ಬೇರೆ ಯಾರೋ, ಇವಳು ಅವನ ಮಗಳೇ ಅಲ್ಲ ಎಂಬುದು ಮಾಲೀಕನ ವಾದ.

ಕೊನೆಯ ವಿಚಾರಣೆ ಹತ್ತಿರ ಬಂದಾಗ ಉಕಿಲ್‌ಬಾಬು ಚುನಾವಣೆ ಗೆದ್ದು ಮಂತ್ರಿಯಾದರು. ಇನ್ನು ವಕೀಲಿಕೆ ಮಾಡುವಂತಿಲ್ಲ. ಕೇಸು ಮುಳುಗಿತು ಎಂದು ಹೆದರಿದೆ. ಅಮ್ಮ ಮಾತ್ರ ಹಿಗ್ಗಿದಳು.

"ಎಂತ ಹೆದ್ರುದು ಮಾರಾಯ್ತಿ? ಈಗ ಅವ್ರೇ ಸರ್ಕಾರ ಅಲ್ವಾ? ಮಾಲೀಕನಿಗೊಂದು ಫೋನ್ ಮಾಡ್ಲಿಕ್ಕೆ ಹೇಳು. ಬಾಲ ಮುದುರ್ಕೊಂಡು ಕೂತ್ಕೊಳ್ತಾನೆ."

ಹೋಗಿ ಕೇಳಿದೆ. ಅವರು ಕೈಮುಗಿದುಬಿಟ್ಟರು. "ಫೋನ್ ನಹೀ ಹೋಗಾ ದೀದಿ," ಎಂದರು. ಫೈಲು ಜೂನಿಯರ್ ಹತ್ತಿರ ಇದೆಯಂತೆ, ಎಲ್ಲ ಹೇಳಿಕೊಟ್ಟಿದ್ದಾರಂತೆ. ಅಷ್ಟು ವರ್ಷ ಕೇಳದೆಯೇ ಎರಡೆರಡು ಸಲ ಸಾಂಬಾರು ಬಡಿಸಿದ್ದು ನೆನಪಾಗಿ ಮೈ ಉರಿಯಿತು. ಕುರ್ಚಿ ಸಿಕ್ಕಿದ್ದೇ ಕಣ್ಣು ನೆತ್ತಿಗೇರಿತು ಎಂದು ಬಸ್ಸಿನಲ್ಲಿ ಮನೆ ಮುಟ್ಟುವ ತನಕ ಬೈದುಕೊಂಡೆ.

ಜೂನಿಯರ್ ಸಣ್ಣ ದನಿಯ ಹೆಣ್ಣುಮಗಳು. ನನಗೆ ನಂಬಿಕೆಯೇ ಇರಲಿಲ್ಲ. ವಿಚಾರಣೆಯ ದಿನ ಅವಳು ಅಪ್ಪನ ಶಾಲೆಯ ಸರ್ಟಿಫಿಕೇಟಿನ ಪಕ್ಕದಲ್ಲಿ ಉಡುಪಿ ಜಿಲ್ಲೆಯ ನಕ್ಷೆ ಹರಡಿದಳು.

"ಹಾಗಾದರೆ ಕರಾರಿನಲ್ಲಿರುವ ಈ ಮನುಷ್ಯ ಎಲ್ಲಿ?" ಎಂದು ಜಡ್ಜ್ ಕೇಳಿದರು.

"ಅದು ಮನುಷ್ಯನಲ್ಲ ಸರ್, ಊರು," ಎಂದು ನಕ್ಷೆಯ ಮೇಲೆ ಬೆರಳಿಟ್ಟಳು.

ಜಡ್ಜ್ ನಕ್ಕೇಬಿಟ್ಟರು. ತೀರ್ಪು ನಮ್ಮ ಕಡೆಗಾಯಿತು. ಕೋರ್ಟಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಎಷ್ಟೋ ದಿನಗಳ ಮೇಲೆ ಎದೆ ಹಗುರಾಗಿತ್ತು. ಮನೆಗೆ ಬಂದು ಅಮ್ಮನೂ ನಾನೂ ಹೊಟ್ಟೆ ತುಂಬ ಉಂಡೆವು.

ಮುಂದಿನ ಚುನಾವಣೆಯಲ್ಲಿ ಉಕಿಲ್‌ಬಾಬು ಸೋತರು. ವಾರದೊಳಗೆ ಗೆದ್ದ ಪಕ್ಷದ ಮುಖಂಡನೊಬ್ಬ ಮಾಲೀಕನ ಜೊತೆ ಹೋಟೆಲಿಗೆ ಬಂದ. ಯಾರ ಶಿಫಾರಸಿನ ಮೇಲೆ ಇಲ್ಲಿದ್ದೀರಿ ಎಂದು ಕೇಳಿದ. ತೀರ್ಪಿನ ಪ್ರತಿ ತಂದುಕೊಟ್ಟೆ. ನಿಂತಲ್ಲೇ ಓದಿದ, ಮಗುಚಿ ಹಾಕಿ ಮತ್ತೆ ಓದಿದ. ಅದರಲ್ಲಿ ಯಾರ ಶಿಫಾರಸೂ ಇರಲಿಲ್ಲ. ಚಹಾ ಕುಡಿದು ಹೊರಟುಹೋದ.

ಅವನು ಬೀದಿ ದಾಟುವಷ್ಟರಲ್ಲಿ ನಾನು ಉಕಿಲ್‌ಬಾಬುಗೆ ಕರೆ ಮಾಡಿದ್ದೆ. "ಅವತ್ತು ನೀವು ಫೋನ್ ಮಾಡಲಿಲ್ಲವಲ್ಲ, ಉಳಿಸಿದಿರಿ," ಎಂದೆ.