ತೊಟ್ಟಿಲ ಪಕ್ಕದ ಮಚ್ಚೆ

ಮಾನ್ವಿಯ ಬಸ್ ನಿಲ್ದಾಣದ ಹಿಂದೆ ಒಂದು ಖಾನಾವಳಿ ಇದೆ. ಅಲ್ಲಿ ಉಣ್ಣಲು ಕೂತವರಿಗೆ ವೀರಭದ್ರಮ್ಮನ ಮುಖ ಕಾಣುವುದು ಅಪರೂಪ. ಒಳಗಿನಿಂದ ಪಟಪಟ ರೊಟ್ಟಿ ಬಡಿಯುವ ಸದ್ದು ಬಂದರೆ ಆಕೆ ಇದ್ದಾಳೆ ಅಂತ ಅರ್ಥ. ಗಂಡ ಸತ್ತ ವರ್ಷ ಆ ಒಲೆಯ ಮುಂದೆ ಕೂತವಳು. ಮಗನ ಶಾಲೆ, ಅವನ ಮದುವೆ, ಮನೆಯ ಮೇಲಿನ ತಗಡು, ಎಲ್ಲವೂ ಆ ಎರಡು ಕೈಗಳಿಂದಲೇ ಬಂದವು.

ಎಡಗೈಯಲ್ಲಿ, ಮಣಿಕಟ್ಟಿನಿಂದ ತುಸು ಮೇಲೆ, ಒಂದು ಹಸಿರು ಹಚ್ಚೆ. ಪುಟ್ಟ ತೊಟ್ಟಿಲು, ಅದರ ಕೆಳಗೆ ಸಾಲು ಚುಕ್ಕಿ. ದೇವದುರ್ಗದ ತವರಿನಲ್ಲಿ ಹುಡುಗಿಯಾಗಿದ್ದಾಗ ಹಾಕಿಸಿದ್ದು. ಹಚ್ಚೆಯವಳು ಸೂಜಿ ತೆಗೆದದ್ದೇ ತಡ, ಈಕೆ ಓಡಿಹೋಗಿ ಎಮ್ಮೆಯ ಹಿಂದೆ ಅಡಗಿದ್ದಳು. ಆಗ ಅವ್ವ ತಾನೇ ಮೊದಲು ಕೈಚಾಚಿ, ಅದೇ ತೊಟ್ಟಿಲು, ಅದೇ ಚುಕ್ಕಿ ಚುಚ್ಚಿಸಿಕೊಂಡು, “ನೋಡಬೇ, ನಾ ಅತ್ನೇನು?” ಅಂದಳು. ಕಣ್ಣಲ್ಲಿ ನೀರು ತುಂಬಿತ್ತು, ನಗುತ್ತಿದ್ದಳು. ಮರುವರ್ಷ ಅವ್ವ ತೀರಿಹೋದಳು. ಅವಳದೊಂದು ಫೋಟೋ ಇಲ್ಲ. ಮುಖ ನೆನಪು ಮಾಡಿಕೊಳ್ಳಲು ಕೂತರೆ ಚಿಕ್ಕವ್ವನ ಮುಖ ಬಂದು ನಿಲ್ಲುತ್ತದೆ. ಆದರೆ ಹಿಟ್ಟು ನಾದುವಾಗ ತನ್ನ ಕೈ ಕಣ್ಣಿಗೆ ಬಿದ್ದರೆ ಅದು ಅವ್ವನ ಕೈಯೇ.

ಆ ಚುಕ್ಕಿಗಳ ಸಾಲಿನ ಪಕ್ಕ ಒಂದು ಕಪ್ಪು ಮಚ್ಚೆ ಎದ್ದಿತು. ಒಲೆಯ ಕಿಡಿ ಸಿಡಿದದ್ದು ಅಂದುಕೊಂಡು ವೀರಭದ್ರಮ್ಮ ಸುಮ್ಮನಿದ್ದಳು. ಸೊಸೆ ನಾಗರತ್ನಾ ಬಿಡಲಿಲ್ಲ. ಬಸ್ಸು ಹತ್ತಿಸಿ ರಾಯಚೂರಿಗೆ, ಚರ್ಮದ ಡಾಕ್ಟರು ಚಂದ್ರಕಲಾ ಅವರ ಬಳಿಗೆ ಕರೆದೊಯ್ದಳು.

ಡಾಕ್ಟರು ದುರ್ಬೀನಿನಂಥ ಗಾಜು ಹಿಡಿದು ನೋಡಿ ಹೇಳಿದರು: “ಇದು ಸುಮ್ನಿರೋ ಮಚ್ಚಿಯೋ ಬೆಳಿಯೋ ಮಚ್ಚಿಯೋ ಈಗಲೇ ಹೇಳಾಕ ಆಗಲ್ರೀ. ತಿಂಗಳಿಗೊಮ್ಮೆ ಫೋಟೋ ತಗದು ಮೊಬೈಲ್‌ನ್ಯಾಗ ಕಳಸ್ರಿ. ಅದೇ ಜಾಗ, ಅದೇ ಬೆಳಕು, ಬಾಜೂಕ ಒಂದು ರೂಪಾಯಿ ನಾಣ್ಯ ಇಡ್ರಿ, ಅಳತಿ ತಿಳೀತದ.”

“ಬೆಳದ್ರ?” ವೀರಭದ್ರಮ್ಮ ಕೇಳಿದಳು.

“ಕೊಯ್ದು ತಗೀಬೇಕು. ಸುತ್ತ ಒಂದಿಷ್ಟು ಚರ್ಮನೂ ಹೋಗ್ತದ.”

“ತೊಟ್ಟಿಲಾ?”

“ಅರ್ಧ ಹೋಗಬಹುದು, ಅಮ್ಮಾ.”

ವೀರಭದ್ರಮ್ಮ ಸೆರಗು ಎಳೆದು ಕೈ ಮುಚ್ಚಿಕೊಂಡಳು. ಬಸ್ಸಿನಲ್ಲಿ ಊರು ಬರುವವರೆಗೆ ಆ ಸೆರಗು ಸರಿಸಲಿಲ್ಲ.

ಮೊದಲ ತಿಂಗಳ ಫೋಟೋ ಹೋಯಿತು. ಎರಡನೆಯ ತಿಂಗಳು ನಾಗರತ್ನಾ ಎರಡೂ ಚಿತ್ರ ನೋಡಿ, “ಅತ್ತೀ, ಒಂಚೂರು ದೊಡ್ಡದಾದಂಗ ಕಾಣಸ್ತದಲ್ರೀ,” ಅಂದಳು. ವೀರಭದ್ರಮ್ಮ ಅದನ್ನೇ ಮನಸ್ಸಿನಲ್ಲಿ ನಾದಿದಳು. ಫೋಟೋ ತೆಗೆಯುವ ಮೊದಲು ಅದು ತನ್ನಷ್ಟಕ್ಕೆ ಇತ್ತು. ತೆಗೆದ ಮೇಲೆ ಬೆಳೆಯುತ್ತಿದೆ. ಹಾಗಾದರೆ ಬೆಳೆಸುತ್ತಿರುವವರು ಯಾರು? ಚೆಂದದ ಕೂಸನ್ನು ಎಲ್ಲರೂ ದಿಟ್ಟಿಸಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿಲ್ಲವೇ! ಕೂಸಿಗಾದರೆ ಕೆನ್ನೆಗೆ ಬೊಟ್ಟು ಇಡುತ್ತೇವೆ. ಕೈಗೆ?

ಮೂರನೆಯ ತಿಂಗಳು ಸೊಸೆ ಮೊಬೈಲ್ ತರಲು ಒಳಗೆ ಹೋದಾಗ, ವೀರಭದ್ರಮ್ಮ ಹೆಂಚು ಮಗುಚಿ ತಳದ ಮಸಿಯನ್ನು ಬೆರಳಿಗೆ ತೆಗೆದುಕೊಂಡಳು. ಒಂದು ಹನಿ ಎಣ್ಣೆ ಬೆರೆಸಿ, ಮಚ್ಚೆಯ ಅಂಚಿಗೇ ತಾಗುವಂತೆ ಬೊಟ್ಟು ಇಟ್ಟಳು. ನಾಗರತ್ನಾ ಫೋಟೋ ತೆಗೆದಳು. ಮಚ್ಚೆ ಒಮ್ಮೆಲೇ ಇಮ್ಮಡಿಯಾದಂತೆ ಕಂಡಿತು. ಅತ್ತೆ ಹೆದರಿಯಾಳೆಂದು ಏನೂ ಹೇಳದೆ ಕಳಿಸಿದಳು.

ರೊಟ್ಟಿಯ ಬುಟ್ಟಿ ತುಂಬುವಷ್ಟರಲ್ಲಿ ಡಾಕ್ಟರ ಫೋನು ಬಂತು. “ನಾಳಿನ ಬಸ್ಸಿಗೇ ಕರ್ಕೊಂಡು ಬರ್ರಿ.”

ಬೊಟ್ಟು ಕರಗಬಾರದೆಂದು ವೀರಭದ್ರಮ್ಮ ಬೆಳಿಗ್ಗೆ ಸ್ನಾನದಲ್ಲಿ ಆ ಕೈಗೆ ನೀರೇ ಸೋಕಿಸಲಿಲ್ಲ. ರಾಯಚೂರಿನಲ್ಲಿ ಡಾಕ್ಟರು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದರು. ಹತ್ತಿ ಕಪ್ಪಾಯಿತು. ಡಾಕ್ಟರು ಹತ್ತಿಯನ್ನು ನೋಡಿದರು, ಕೈಯನ್ನು ನೋಡಿದರು.

“ಇದೇನಮ್ಮಾ ಇದು?”

“ಹೆಂಚಿನ ಮಸಿ ಯವ್ವಾ. ನಿಮ್ಮ ಫೋಟೋದ ದೃಷ್ಟಿ ಹತ್ತಬಾರದಂತ.”

“ಅಯ್ಯ ಅತ್ತೀ!” ನಾಗರತ್ನಾ ಕುರ್ಚಿಯಲ್ಲಿ ಕುಸಿದಳು. “ರಾತ್ರಿಯೆಲ್ಲ ನನಗ ಕೂಳು ಇಳೀಲಿಲ್ಲ, ನಿದ್ದಿ ಹತ್ಲಿಲ್ಲ. ನೀವು ಮಸಿ ಬಳ್ಕೊಂಡು ಗೊರಕಿ ಹೊಡದ್ರಿ!”

“ನಿನಗ ಹೇಳಿದ್ರ ಒರಸಿ ಬಿಡ್ತಿದ್ದಿ ಬಿಡು.”

ಡಾಕ್ಟರಿಗೂ ನಗು ತಡೆಯಲಿಲ್ಲ. ಆದರೆ ಒರೆಸಿದ ಕೈಯ ಹೊಸ ಫೋಟೋ ತೆಗೆದು, ಮೊದಲ ತಿಂಗಳ ಚಿತ್ರದ ಪಕ್ಕದಲ್ಲಿ ಇಟ್ಟಾಗ ಆ ನಗು ಇಳಿಯಿತು. ಪರದೆಯನ್ನು ವೀರಭದ್ರಮ್ಮನ ಕಡೆಗೆ ತಿರುಗಿಸಿದರು.

ಎರಡರಲ್ಲೂ ಅದೇ ನಾಣ್ಯ, ಅದೇ ತೊಟ್ಟಿಲು. ಮೊದಲ ಚಿತ್ರದಲ್ಲಿ ಮಚ್ಚೆಗೂ ಕೊನೆಯ ಚುಕ್ಕಿಗೂ ನಡುವೆ ಒಂದು ಜೋಳದ ಕಾಳು ಇಡುವಷ್ಟು ಬರಿ ಚರ್ಮ ಇತ್ತು. ಈಗ ಇಲ್ಲ. ಮಚ್ಚೆ ಬಂದು ಚುಕ್ಕಿಯನ್ನು ಮುಟ್ಟಿತ್ತು. ಹಚ್ಚೆ ಜಾಗ ಬಿಟ್ಟು ಕದಲುವುದಲ್ಲ, ಕದಲಿದ್ದು ಮಚ್ಚೆಯೇ. ವೀರಭದ್ರಮ್ಮ ಬೆರಳಿನಿಂದ ಕೈಯ ಮೇಲೆ ಒರೆಸಿ ನೋಡಿದಳು. ಹೋಗಲಿಲ್ಲ.

“ಹಿಂಗ ಬಿಟ್ರ ತೊಟ್ಟಿಲನ್ನ ಪೂರಾ ತಿಂತದೇನ್ರೀ?”

“ತೊಟ್ಟಿಲು ಅಷ್ಟ ಅಲ್ಲಮ್ಮಾ, ನಿಮ್ಮನ್ನೂ ತಿಂತದ.”

ಅವಳು ಆ ಎರಡು ಚಿತ್ರಗಳನ್ನು ಮತ್ತೊಮ್ಮೆ ನೋಡಿದಳು. ಅವ್ವನಿಗೆ ಏನೋ ಬೇನೆ ಇತ್ತು ಅನ್ನುತ್ತಿದ್ದರು. ಅದು ದಿನದಿನಕ್ಕೆ ಹೇಗೆ ಬೆಳೆಯಿತೆಂದು ಯಾರೂ ಹೀಗೆ ಪಕ್ಕದಲ್ಲಿಟ್ಟು ನೋಡಿರಲಿಲ್ಲ. ನೋಡಿದ್ದರೆ?

“ಕೊಯ್ರಿ,” ಅಂದಳು. “ಅದಕ್ಕ ಮೊದಲ ಒಂದು ಫೋಟೋ ಬೇಕು ನನಗ. ನಾಗೂ, ತಗಿ.”

ನಾಗರತ್ನಾ ಅಭ್ಯಾಸದಂತೆ ಪರ್ಸಿನಿಂದ ನಾಣ್ಯ ತೆಗೆದು ಕೈಯ ಪಕ್ಕ ಇಟ್ಟಳು.

“ಅದನ್ನ ತಗದಿಡು. ಇದು ಅಳ್ಯಾಕಲ್ಲ.” ವೀರಭದ್ರಮ್ಮ ಎಮ್ಮೆಯ ಹಿಂದೆ ಅಡಗಿದ ಹುಡುಗಿಗೆ ಕಾಣುವಂತೆ ಕೈಯನ್ನು ಪೂರ್ತಿ ಚಾಚಿದಳು.

ಮಚ್ಚೆ ಕೆಟ್ಟದ್ದೇ ಆಗಿತ್ತಂತೆ. ಒಳಗೆ ಇಳಿಯುವ ಮೊದಲೇ ಸಿಕ್ಕಿತು ಅಂದರು. ಚುಕ್ಕಿಗಳು ಹೋದವು, ತೊಟ್ಟಿಲಿನ ಒಂದು ಹಗ್ಗ ಹೋಯಿತು. ಗಾಯ ಮಾಗಿ ಒಲೆಯ ಮುಂದೆ ಮರಳಿ ಕೂತಿದ್ದಾಳೆ. ತಿಂಗಳಿಗೊಮ್ಮೆ ಹೊಲಿಗೆಯ ಗುರುತಿನ ಫೋಟೋ ರಾಯಚೂರಿಗೆ ಹೋಗುತ್ತದೆ, ಕೈಗೆ ಬೊಟ್ಟಿಲ್ಲದೆ.

ಬೊಟ್ಟು ಈಗ ಮೊಬೈಲಿನ ಬೆನ್ನಿಗಿದೆ. ಅವ್ವನ ಕೈ ಅದರೊಳಗಿದೆಯಲ್ಲ. ನಾಗರತ್ನಾ ಬೈಯುತ್ತಾಳೆ, ಆದರೆ ಒರೆಸುವುದಿಲ್ಲ. “ಇರಲಿ ಬಿಡ್ರಿ,” ಅನ್ನುತ್ತಾಳೆ, “ಕ್ಯಾಮೆರಾದ ಕಣ್ಣಿಗೊಂದು ಮೆತ್ತಬ್ಯಾಡ್ರಿ ಅತ್ತೀ, ಅಷ್ಟು ಸಾಕು.”