ಕೆಂಪು ದೀಪ ಹತ್ತಿತ್ತು

ಗಂಗಾವತಿಯ ಒಂದು ಅಕ್ಕಿ ಗಿರಣಿಗೆ ನಾನು ಕಂಟ್ರೋಲ್ ಬೋರ್ಡ್ ಮಾಡಿಕೊಟ್ಟಿದ್ದೆ. ಅಲ್ಲಿ ತೌಡು ಸಾಗಿಸಲು ಮುಚ್ಚಿದ ಕಬ್ಬಿಣದ ಕೊಳವೆಯೊಳಗೆ ಸ್ಕ್ರೂ ತಿರುಗುತ್ತಿರುತ್ತದೆ. ತೌಡು ಕಟ್ಟಿಕೊಂಡರೆ ಬಟನ್ ಒತ್ತಿ ನಿಲ್ಲಿಸಿ, ಕಿಂಡಿಯಲ್ಲಿ ಕೈ ಹಾಕಿ ಬಿಡಿಸಬೇಕು. ಒಳಗೇನೂ ಕಾಣಿಸದು, ಅದನ್ನು ತಿರುಗಿಸುವ ಮೋಟರ್ ಗೋಡೆಯಾಚೆ, ಗಿರಣಿಯ ಗದ್ದಲದಲ್ಲಿ ಕೇಳಿಸುವುದೂ ಇಲ್ಲ. ಅದಕ್ಕೇ ನಿಂತಾಗ ಹತ್ತಲೆಂದು ಕೆಂಪು ದೀಪ ಇಟ್ಟಿದ್ದೆ. ನನ್ನ ಜಾಣತನದ ಮೇಲೆ ನನಗೆ ಭಾರಿ ಅಭಿಮಾನ.

ಕೈ ಹಾಕುವ ಕೆಲಸ ಹತ್ತಿರದ ಸಿದ್ದಾಪುರದ ಕಡೆಯಿಂದ ಬರುತ್ತಿದ್ದ ಒಬ್ಬ ಹೆಂಗಸಿನದು. ಬೋರ್ಡ್ ಕೂರಿಸಿದ ಮೊದಲ ದಿನ ಆಕೆ ಬಟನ್ ಒತ್ತಿದಳು, ದೀಪ ಹತ್ತಿತು. ಆದರೂ ಕೈ ಹಾಕದೆ ಕಸಬರಿಗೆಯ ತುದಿಯನ್ನು ಕಿಂಡಿಯೊಳಗೆ ಇಳಿಸತೊಡಗಿದಳು.

"ದೀಪ ಹತ್ತೈತಲ್ಲಕ್ಕಾ, ಇನ್ನ ಯಾಕ ಅನುಮಾನ?" ಎಂದು ರೇಗಿದೆ.

ಮಾತು ಮುಗಿಯುವುದರೊಳಗೆ ಕಸಬರಿಗೆ ಅವಳ ಕೈಯಿಂದ ಕಿತ್ತುಕೊಂಡು ಒಳಗೆ ಹೋಯಿತು. ಆಚೆ ತುದಿಯಿಂದ ಕಡ್ಡಿಯ ಚೂರುಗಳು ಉದುರಿದವು.

ಆಕೆ ತನ್ನ ಅಂಗೈ ನೋಡಿಕೊಂಡಳು. "ನಿಮ್ಮ ಮಾತ ಕೇಳಿದ್ರ ನನ್ನ ಕೈ ಹೋಗ್ತಿತ್ತಲ್ರಿ ಸರ."

ಪ್ರೋಗ್ರಾಮು ತೆರೆದು ನೋಡಿದೆ. ತಪ್ಪು ನನ್ನದೇ. ಬಟನ್ ಒತ್ತಿದ ಕೂಡಲೇ ಪ್ರೋಗ್ರಾಮಿನ ಒಂದು ತುಣುಕು ದೀಪ ಹಚ್ಚಿ, 'ನಿಲ್ಲಿಸು' ಎಂಬ ಗುರುತಿನ ವೇರಿಯಬಲ್ಲನ್ನು ಮೆಮೊರಿಯಲ್ಲಿ ಬದಲಿಸುತ್ತಿತ್ತು. ಮೋಟರ್ ನಡೆಸುವ ತುಣುಕು ಅತ್ತ ತಿರುಗಿಯೂ ನೋಡುತ್ತಿರಲಿಲ್ಲ. ಬೋರ್ಡಿನ ಚಿಪ್‌ನಲ್ಲಿ ಜಾಗ ಸಾಲದೆ, ಪ್ರೋಗ್ರಾಮನ್ನು ಕಿರಿದು ಮಾಡೆಂದು ಹಿಂದಿನ ದಿನ, ಅದನ್ನು ಚಿಪ್‌ನ ಭಾಷೆಗೆ ತಿರುಗಿಸುವ ಕಂಪೈಲರಿಗೆ ಹೇಳಿದ್ದೆ. ಮತ್ತೆ ಮತ್ತೆ ಮೆಮೊರಿಗೆ ಹೋಗುವುದು ದಂಡವೆಂದು ಅದು ವೇರಿಯಬಲ್ಲಿನ ಹಳೆಯ ಬೆಲೆಯನ್ನು ಕೈಯಳತೆಯ ಸಣ್ಣ ಗೂಡಾದ ರಿಜಿಸ್ಟರಿನಲ್ಲಿ ಇಡಿಸಿತ್ತು, ಮೋಟರಿನ ತುಣುಕು ಅದನ್ನೇ ನಂಬಿ ಕೂತಿತ್ತು. ನಾನೂ ದೀಪವನ್ನಷ್ಟೇ ನೋಡಿ ನಂಬಿದ್ದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನನಗೂ ಗೊತ್ತಿತ್ತು, ಪಾಲಿಸಿದವಳು ಆಕೆ.

ವೇರಿಯಬಲ್ಲಿಗೆ 'ವೊಲಟೈಲ್' ಎಂಬ ಒಂದೇ ಪದ ಸೇರಿಸಿದೆ. ಪ್ರತಿ ಸಲವೂ ಮೆಮೊರಿಗೇ ಹೋಗಿ ನೋಡು ಎಂದು ಅದರ ಅಪ್ಪಣೆ. ಮರುದಿನ ಗೋಡೆಯಾಚೆಯ ಮೋಟರಿನ ಬಳಿ ನಿಂತು, ಬಟನ್ ಒತ್ತಿಸಿ ಹತ್ತಾರು ಸಲ ಪರೀಕ್ಷಿಸಿದೆ. ಒಮ್ಮೆಯೂ ತಪ್ಪಲಿಲ್ಲ.

"ಇನ್ನ ಹೆದರಬ್ಯಾಡಕ್ಕಾ," ಎಂದೆ.

"ಹಂಗಾರ ಮೊದಲ ನೀವ ಕೈ ಹಾಕ್ರಿ." ಮಾತಿನಲ್ಲಿ ಕೊಂಕಿರಲಿಲ್ಲ.

ಬಟನ್ ಒತ್ತಿದೆ. ದೀಪ ಹತ್ತಿತು. ಪ್ರೋಗ್ರಾಮು ಸರಿಯಿದೆಯೆಂದು ಚೆನ್ನಾಗಿ ಗೊತ್ತಿತ್ತು. ಆದರೂ ಕೈ ಕಿಂಡಿಯವರೆಗೆ ಹೋಗಿ ನಿಂತಿತು. ಭಾಳ ನಾಚಿಕೆಯಾಯಿತು. ನಾನೇ ಹಾಕಲಾರದ ಕಡೆ ಅವಳಿಗೆ ಕೈ ಹಾಕೆಂದಿದ್ದೆ.

ಪ್ರೋಗ್ರಾಮನ್ನು ಕೇಳದೆಯೇ ಮೋಟರಿನ ಕರೆಂಟು ಕಡಿಯುವ ಸ್ವಿಚ್ಚೊಂದನ್ನು ಅಂದೇ ಕಿಂಡಿಯ ಪಕ್ಕ ಕೂರಿಸಿದೆ. ಅದನ್ನು ಕೆಳಗೆಳೆದು ಮೊಣಕೈವರೆಗೆ ಕೈ ಹಾಕಿ ತೋರಿಸಿದೆ. ಆಮೇಲೆ ಆಕೆ ಹಾಕಿದಳು. ಅವಳ ಕೈ ಹೊರಬರುವವರೆಗೂ ನಾನು ಆ ಸ್ವಿಚ್ಚನ್ನು ಬಿಗಿಯಾಗಿ ಹಿಡಿದೇ ನಿಂತಿದ್ದೆ.